ಹಿಪ್ ಪಾಯಿಂಟ್: ಕಾರಿನೊಳಗೆ ನಮ್ಮ ಟೊಂಕ ಎಲ್ಲಿ ಕೂರುತ್ತದೆ?

ಶೋರೂಮಿನ ಹುಡುಗ "ವೀಲ್‌ಬೇಸ್ 2,600 ಇದೆ ಸರ್, ಹಿಂದೆ ಲೆಗ್‌ರೂಮ್ ಬಗ್ಗೆ ಯೋಚನೇನೇ ಬೇಡ" ಅನ್ನುತ್ತಿದ್ದ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಅದು, ಮಿಲಿಮೀಟರಿನಲ್ಲಿ. ಅಷ್ಟರಲ್ಲಿ ಅಮ್ಮ ಹಿಂದಿನ ಸೀಟಿಗೆ ಹತ್ತಿ ಬಾಗಿಲನ್ನೂ ಹಾಕಿಕೊಂಡಿದ್ದರು. ಎರಡು ನಿಮಿಷಕ್ಕೆ ಇಳಿದು ಬಂದರು. "ಜಾಗ ಏನೋ ಬೇಕಾದಷ್ಟಿದೆ ಕಣೋ. ಆದ್ರೆ ಕುಕ್ಕರುಗಾಲಲ್ಲಿ ಕೂತ ಹಾಗಾಗತ್ತೆ." ಹುಡುಗ ಪಾಪ, ಮತ್ತೊಮ್ಮೆ ವೀಲ್‌ಬೇಸ್ ಎಂದ. ನೋಡಲು ಎತ್ತರವಾದ, ಕಾರಿನ ಚೌಕಟ್ಟಿನ ಮೇಲೆ ಎಸ್‌ಯುವಿಯಂತೆ ಕಟ್ಟಿದ ದೊಡ್ಡ ಕ್ರಾಸ್‌ಓವರ್ ಅದು. ಅವನ ಲೆಕ್ಕವೂ ಸರಿ, ಅಮ್ಮನ ದೂರೂ ಸರಿ. ಎರಡೂ ಹೇಗೆ ಸರಿಯಾಗಲು ಸಾಧ್ಯ ಎನ್ನುವುದಕ್ಕೆ ಉತ್ತರ ಒಂದು ಪದದಲ್ಲಿದೆ: ಹಿಪ್ ಪಾಯಿಂಟ್. ಕಾರು ವಿನ್ಯಾಸ ಮಾಡುವವರು ಚುಟುಕಾಗಿ ಎಚ್ ಪಾಯಿಂಟ್ ಎನ್ನುತ್ತಾರೆ.

ಸೀಟಿನಲ್ಲಿ ಕೂತಾಗ ನಮ್ಮ ಮುಂಡ ಮತ್ತು ತೊಡೆ ಯಾವ ಕೀಲಿನಲ್ಲಿ ಮಡಚಿಕೊಳ್ಳುತ್ತವೋ ಆ ಜಾಗವೇ ಹಿಪ್ ಪಾಯಿಂಟ್. ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? 'ಸೊಂಟದ ಬಿಂದು' ಎಂದರೆ ಬೆಲ್ಟು ಕಟ್ಟುವ ಜಾಗ ನೆನಪಾಗುತ್ತದೆ, ಅದು ಇನ್ನೂ ಮೇಲಾಯಿತು. 'ಟೊಂಕ' ಹತ್ತಿರ ಬರುತ್ತದೆ. 'ತೊಡೆಯ ಕೀಲು' ಎಂದರೆ ಕರಾರುವಾಕ್ಕು, ಆದರೆ ಮೂಳೆ ಡಾಕ್ಟರ ಬಳಿ ಹೋದಂತಾಗುತ್ತದೆ. ಹಾಗಾಗಿ ಹಿಪ್ ಪಾಯಿಂಟ್ ಎಂದೇ ಇಟ್ಟುಕೊಳ್ಳೋಣ.

ಇದನ್ನು ಬರಿಗಣ್ಣಲ್ಲಿ ಅಂದಾಜು ಮಾಡುವುದಿಲ್ಲ, ಅದಕ್ಕೆಂದೇ ಒಂದು ಯಂತ್ರವಿದೆ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ 1960ರ ದಶಕದಲ್ಲಿ ರೂಪಿಸಿದ ಮಾನದಂಡದಿಂದ ಬಂದದ್ದು. ತಲೆಯಿಲ್ಲದ, ಕೈಯಿಲ್ಲದ ಬೊಂಬೆ. ಬೆನ್ನಿನ ಆಕಾರದ ಒಂದು ತಟ್ಟೆ, ಪೃಷ್ಠದ ಆಕಾರದ ಇನ್ನೊಂದು, ಎರಡನ್ನೂ ಸೇರಿಸುವ ಕೀಲು, ಕೆಳಗೆ ಉದ್ದ ಹೊಂದಿಸಬಹುದಾದ ಕಾಲುಗಳು. ಅದರ ಮೇಲೆ ತೂಕದ ಬಿಲ್ಲೆಗಳನ್ನು ಒಂದೊಂದಾಗಿ ಹೇರಿದಾಗ ಒಟ್ಟು ಸುಮಾರು 76 ಕಿಲೋ ಆಗುತ್ತದೆ. ತೂಕ ಬೇಕೇ ಬೇಕು, ಏಕೆಂದರೆ ಸೀಟಿನ ಫೋಮ್ ಕುಸಿಯುತ್ತದೆ. ಖಾಲಿ ಸೀಟಿನ ಎತ್ತರ ಅಳೆದರೆ ಏನೂ ತಿಳಿಯದು, ಮನುಷ್ಯ ಕೂತು ಸೀಟು ತಗ್ಗಿದ ಮೇಲೆ ಟೊಂಕ ಎಲ್ಲಿಗೆ ಬಂತು ಎಂಬುದು ಮುಖ್ಯ. ಸೀಟ್ ಬೆಲ್ಟಿನ ಕೊಂಡಿ ಎಲ್ಲಿರಬೇಕು, ತಲೆದಿಂಬು ಎಷ್ಟು ಎತ್ತರ ಇರಬೇಕು, ಚಾಲಕನಿಗೆ ರಸ್ತೆ ಎಷ್ಟು ಕಾಣಬೇಕು ಎಂಬುದೆಲ್ಲ ಈ ಬಿಂದುವಿನಿಂದಲೇ ಲೆಕ್ಕವಾಗುತ್ತದೆ.

ಬ್ರೋಷರಿನಲ್ಲಿ ಕಾಣುವ ಹೆಡ್‌ರೂಮ್, ಲೆಗ್‌ರೂಮ್ ಅಂಕಿಗಳೂ ಇದರ ಮಕ್ಕಳೇ. ಹೆಡ್‌ರೂಮ್ ಎಂದರೆ ನೆತ್ತಿಗೂ ಚಾವಣಿಗೂ ನಡುವಿನ ಅಂತರ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಎಸ್‌ಎಇ ಕ್ರಮದಲ್ಲಿ ಹಿಪ್ ಪಾಯಿಂಟಿನಿಂದ, ನೆಟ್ಟಗೆ ಅಲ್ಲ, 8 ಡಿಗ್ರಿ ಹಿಂದಕ್ಕೆ ವಾಲಿದ ಗೆರೆಯಲ್ಲಿ ಚಾವಣಿವರೆಗೆ ಅಳೆದು, ಅದಕ್ಕೆ 102 ಮಿ.ಮೀ. ಸೇರಿಸುತ್ತಾರೆ. ಲೆಗ್‌ರೂಮ್ ಎಂದರೆ ಪಾದದ ಕೀಲಿನಿಂದ ಹಿಪ್ ಪಾಯಿಂಟಿಗೆ ಇರುವ ದೂರ, ಅದಕ್ಕೆ 254 ಮಿ.ಮೀ. ಸೇರಿಸಿದ್ದು. ಇಲ್ಲಿ ಮಂಡಿಯ ಮಾತೇ ಇಲ್ಲ ಎನ್ನುವುದನ್ನು ಗಮನಿಸಿ. ಪಾದ ಮುಂದಿನ ಸೀಟಿನ ಅಡಿಗೆ ತೂರುವಂತಿದ್ದರೆ ಅಂಕಿ ಹಿಗ್ಗುತ್ತದೆ, ಮಂಡಿ ಸೀಟಿನ ಬೆನ್ನಿಗೆ ಒತ್ತುತ್ತಿದ್ದರೂ. ಮುಂದಿನ ಸೀಟನ್ನು ಎಲ್ಲಿಟ್ಟು ಅಳೆದರು ಎನ್ನುವುದರ ಮೇಲೂ ಹಿಂದಿನವರ ಲೆಗ್‌ರೂಮ್ ಏರುತ್ತದೆ, ಇಳಿಯುತ್ತದೆ. ಒಂದೇ ಕಂಪನಿಯ ಎರಡು ಕಾರು ಹೋಲಿಸಲು ಈ ಅಂಕಿ ಪರವಾಗಿಲ್ಲ. ಕ್ರಾಸ್‌ಓವರನ್ನೂ ಡಿಕ್ಕಿಯ ಕೊನೆವರೆಗೂ ಚಾವಣಿಯಿರುವ ತಗ್ಗು ವ್ಯಾಗನನ್ನೂ ಎದುರುಬದುರು ಇಡಲು ಇದನ್ನು ನಂಬಿದರೆ ದಾರಿ ತಪ್ಪುತ್ತೇವೆ.

ಯಾಕೆಂದರೆ ಆ ಎರಡು ಬಗೆಯ ಕಾರುಗಳಲ್ಲಿ ಕೂರುವ ಭಂಗಿಯೇ ಬೇರೆ. ಚಾಪೆಯ ಮೇಲೆ ಗೋಡೆಗೊರಗಿ ಕಾಲು ನೀಡಿ ಕೂತವರನ್ನು ನೆನೆಸಿಕೊಳ್ಳಿ, ಅದು ವ್ಯಾಗನ್ ಕಡೆಯ ಭಂಗಿ. ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತವರು ಕ್ರಾಸ್‌ಓವರ್ ಕಡೆಯವರು. ಕಾಲು ನೀಡಿದವರಿಗೆ ಉದ್ದಕ್ಕೆ ಜಾಗ ಬೇಕು, ಎತ್ತರ ಕಮ್ಮಿಯಿದ್ದರೂ ಸಾಕಾಗುತ್ತದೆ. ಜಗಲಿಯವರಿಗೆ ಎತ್ತರ ಬೇಕು, ಉದ್ದ ಉಳಿಯುತ್ತದೆ. ವಿನ್ಯಾಸಕಾರರು ಇದನ್ನು ಹಿಮ್ಮಡಿಯಿಂದ ಹಿಪ್ ಪಾಯಿಂಟಿಗೆ ನೇರ ಎಷ್ಟು ಎತ್ತರ ಎಂದು ಅಳೆಯುತ್ತಾರೆ. ಸೆಡಾನ್, ವ್ಯಾಗನ್‌ಗಳ ಚಾಲಕನ ಸೀಟಿನಲ್ಲಿ ಇದು ಸುಮಾರು 250–280 ಮಿ.ಮೀ., ಕ್ರಾಸ್‌ಓವರ್‌ಗಳಲ್ಲಿ ಸಾಮಾನ್ಯವಾಗಿ 300ರ ಮೇಲೆ. ಕೆಲವೇ ಸೆಂಟಿಮೀಟರಿನ ವ್ಯತ್ಯಾಸಕ್ಕೆ ಪ್ರತಿ ಸಾಲಿನಲ್ಲೂ ಉದ್ದ ಉಳಿತಾಯವಾಗುತ್ತದೆ.

ನಮ್ಮ ದೇಶದಲ್ಲಿ ಈ ಉಳಿತಾಯಕ್ಕೆ ಬೆಲೆ ಜಾಸ್ತಿ. 2006ರ ಕೇಂದ್ರ ಬಜೆಟ್ 4 ಮೀಟರಿನೊಳಗಿನ ಸಣ್ಣ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದ ಮೇಲೆ ಉದ್ದಕ್ಕೆ ಬೆಳೆಯುವ ದಾರಿ ದುಬಾರಿಯಾಯಿತು, ಮೇಲಕ್ಕೆ ಬೆಳೆಯಲು ಮಾತ್ರ ಸುಂಕವಿರಲಿಲ್ಲ. ಅದಕ್ಕೂ ಮುಂಚೆ 1998ರ ಸ್ಯಾಂಟ್ರೊ, 1999ರ ಕೊನೆಗೆ ಬಂದ ವ್ಯಾಗನ್‌ಆರ್ ನಮಗೆ 'ಟಾಲ್ ಬಾಯ್' ಎಂಬ ಮಾತು ಕಲಿಸಿದ್ದವು. ವ್ಯಾಗನ್‌ಆರ್ ಹೆಸರಲ್ಲಿ ವ್ಯಾಗನ್ ಇದ್ದರೂ ಕೂರಿಸುವುದು ಜಗಲಿಯ ಮೇಲೆ. ನಿಜವಾದ ಅರ್ಥದಲ್ಲಿ ಅದು ಹಿಪ್ ಪಾಯಿಂಟ್ ಏರಿಸಿದ ಪುಟ್ಟ ಡಬ್ಬಿ, ಮತ್ತು ಬುದ್ಧಿವಂತ ಡಬ್ಬಿ.

ಕಾರಿನ ಎತ್ತರದ ಬಗ್ಗೆ ಹಟ ಹಿಡಿದವರಲ್ಲಿ ಕ್ರೈಸ್ಲರ್ ಕಂಪನಿಯ ಮುಖ್ಯಸ್ಥರಾಗಿದ್ದ ಕೆ. ಟಿ. ಕೆಲ್ಲರ್ ಹೆಸರುವಾಸಿ. ಟೋಪಿ ಹಾಕಿಕೊಂಡೇ ಕಾರಿನಲ್ಲಿ ಕೂರಲು ಆಗಬೇಕು ಎನ್ನುವುದು 1940ರ ದಶಕದ ಕೊನೆಯಲ್ಲಿ ಅವರ ಪಟ್ಟು. ಉಳಿದ ಕಂಪನಿಗಳು ಕಾರನ್ನು ತಗ್ಗಿಸುತ್ತಾ ಹೋದವು, ಜನ ತಗ್ಗಿನ ಕಾರೇ ಚೆಂದ ಎಂದರು. ಇಂದು ಇಡೀ ಮಾರುಕಟ್ಟೆ ಕೆಲ್ಲರ್ ದಾರಿಗೆ ವಾಪಸು ಬಂದಿದೆ. ಮೈಸೂರು ಪೇಟ ಸುತ್ತಿಕೊಂಡ ಮದುಮಗನನ್ನು ಸೆಡಾನಿನೊಳಗೆ ತೂರಿಸಲು ಒದ್ದಾಡಿದವರಿಗೆ ಅವರ ಹಟ ಅರ್ಥವಾದೀತು.

ವ್ಯಾಗನ್ ಎಂದರೆ ಸೆಡಾನಿನ ಚಾವಣಿಯನ್ನು ಡಿಕ್ಕಿಯ ಕೊನೆವರೆಗೆ ಎಳೆದ ಕಾರು. ಇಂಗ್ಲೆಂಡಿನವರು ಎಸ್ಟೇಟ್ ಎನ್ನುತ್ತಾರೆ. ನಮ್ಮಲ್ಲಿ 1992ರ ಟಾಟಾ ಎಸ್ಟೇಟ್, ಬಲೆನೊ ಆಲ್ಟುರಾ, ಇಂಡಿಗೊ ಮರೀನಾ, ಆಕ್ಟೇವಿಯಾ ಕಾಂಬಿ ಎಲ್ಲವೂ ಬಂದು ಹೋದವು. ಬೆಂಗಳೂರಿನ ಸಿಪಾನಿ ಕಂಪನಿ ರೋವರ್ ಮಾಂಟೆಗೊವನ್ನು ಇಲ್ಲಿ ಜೋಡಿಸಿ ಮಾರಿದಾಗ ಅದರಲ್ಲೂ ಎಸ್ಟೇಟ್ ರೂಪವಿತ್ತು. ಯಾವುದೂ ನಿಲ್ಲಲಿಲ್ಲ. "ಆಂಬುಲೆನ್ಸ್ ಥರ ಇದೆ" ಎಂಬ ಒಂದು ಮಾತು ಸಾಕಾಯಿತೇನೋ. ನನಗೆ ಬೇಜಾರಿದೆ, ಯಾಕೆಂದರೆ ದೂರದ ಪ್ರಯಾಣಕ್ಕೆ ವ್ಯಾಗನ್ನಿನ ತಗ್ಗು ಹಿಪ್ ಪಾಯಿಂಟೇ ವರ. ತಿರುವಿನಲ್ಲಿ ಕಾರು ವಾಲುವಾಗ ನಮ್ಮ ದೇಹ ಎಷ್ಟು ಎತ್ತರದಲ್ಲಿದೆಯೋ ತಲೆ ಅಷ್ಟು ಹೆಚ್ಚು ತೂಗಾಡುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಹಿಂದಿನ ಸೀಟಿನ ಮಕ್ಕಳು ಕೊಟ್ಟಿಗೆಹಾರದ ನೀರುದೋಸೆ ವಾಂತಿ ಮಾಡಿಕೊಳ್ಳುವುದರಲ್ಲಿ ಡ್ರೈವರನ ಪಾಲು ಎಷ್ಟೋ, ಈ ಎತ್ತರದ ಪಾಲೂ ಅಷ್ಟಿಷ್ಟು ಇದೆ. ಸಾಮಾನು ಹೇರುವಾಗಲೂ ವ್ಯಾಗನ್ನಿನ ಡಿಕ್ಕಿಯ ನೆಲ ತಗ್ಗು, ಅಕ್ಕಿ ಮೂಟೆ ಮೊಣಕಾಲಿನಿಂದ ಸೊಂಟದವರೆಗೆ ಎತ್ತಬೇಕಿಲ್ಲ. ಆದರೆ ಕಾಲ ಯಾರ ಮಾತೂ ಕೇಳುವುದಿಲ್ಲ. ವ್ಯಾಗನನ್ನೇ ಸ್ವಲ್ಪ ಎತ್ತರಿಸಿ ಮಾರುತ್ತಾ 1990ರ ದಶಕದಿಂದ ಹೆಸರು ಮಾಡಿದ ಜಪಾನಿನ ಸುಬಾರು ಕಂಪನಿಯ ಔಟ್‌ಬ್ಯಾಕ್ ಕೂಡ 2025ರಲ್ಲಿ ಪೆಟ್ಟಿಗೆಯಾಕಾರದ ಎಸ್‌ಯುವಿ ರೂಪ ತಳೆದು ಬಂತು.

ಈಗ ಅಮ್ಮನ ದೂರಿಗೆ ಬರೋಣ. ಹಿಪ್ ಪಾಯಿಂಟಿಗೆ ಎರಡು ಎತ್ತರಗಳಿವೆ, ಜನ ಕಲಸಿಕೊಳ್ಳುವುದು ಇಲ್ಲೇ. ಒಂದು, ರಸ್ತೆಯಿಂದ ಟೊಂಕಕ್ಕೆ. ಹತ್ತುವುದು ಇಳಿಯುವುದು ಸಲೀಸೇ ಎಂದು ಇದು ಹೇಳುತ್ತದೆ. ಸೆಡಾನ್, ವ್ಯಾಗನ್‌ಗಳಲ್ಲಿ ಸುಮಾರು 500 ಮಿ.ಮೀ., ಮಂಡಿನೋವಿನವರು ಕೆಳಕ್ಕೆ ಕುಸಿದು ಕೂರಬೇಕು, ಏಳುವಾಗ ಬಾಗಿಲು ಹಿಡಿದು ಮೇಲೇಳಬೇಕು. ದೊಡ್ಡ ಎಸ್‌ಯುವಿಗಳಲ್ಲಿ 750 ದಾಟಿದರೆ ಹತ್ತಲು ಮೆಟ್ಟಿಲು ಬೇಕು. ನಡುವೆ 600–700ರಲ್ಲಿ ಇರುವ ಕ್ರಾಸ್‌ಓವರ್‌ಗಳಲ್ಲಿ ಹತ್ತುವುದೂ ಇಲ್ಲ, ಕುಸಿಯುವುದೂ ಇಲ್ಲ, ಪಕ್ಕಕ್ಕೆ ಸರಿದರೆ ಆಯಿತು. ಮನೆಯಲ್ಲಿ ವಯಸ್ಸಾದವರಿದ್ದರೆ ಕ್ರಾಸ್‌ಓವರ್ ಗೆಲ್ಲುವುದು ಇದೊಂದೇ ಕಾರಣಕ್ಕೆ, ಮತ್ತು ನ್ಯಾಯವಾಗಿಯೇ ಗೆಲ್ಲುತ್ತದೆ.

ಇನ್ನೊಂದು, ಕಾರಿನ ನೆಲದಿಂದ ಟೊಂಕಕ್ಕೆ. ಕೂತ ಮೇಲಿನ ಸುಖ ಇದರ ಕೈಯಲ್ಲಿದೆ. ಕಾರು ಎತ್ತರವಿದ್ದ ಮಾತ್ರಕ್ಕೆ ಇದು ಹೆಚ್ಚಬೇಕೆಂದಿಲ್ಲ. ನೆಲವೂ ಜೊತೆಗೇ ಏರಿದ್ದರೆ, ಅಥವಾ ಚಾವಣಿ ಹಿಂದಕ್ಕೆ ಇಳಿಜಾರಾಗಿದ್ದು ತಲೆ ತಗುಲದಿರಲೆಂದು ಸೀಟನ್ನು ತಗ್ಗಿಸಿದ್ದರೆ, ಹಿಮ್ಮಡಿಗೂ ಟೊಂಕಕ್ಕೂ ಅಂತರ ಕುಗ್ಗುತ್ತದೆ. ಮಂಡಿ ಮೇಲೇಳುತ್ತದೆ, ತೊಡೆ ಸೀಟು ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ. ಕಾರಿನ ವಿಮರ್ಶಕರು ದಿನಾ ಹೇಳುವ 'ಅಂಡರ್ ಥೈ ಸಪೋರ್ಟ್ ಕಮ್ಮಿ' ಎಂದರೆ ಇದೇ. ಹೊರಬೇಕಾದ ಭಾರ ತೊಡೆಗೂ ಹಂಚಿಹೋಗದೆ ಎರಡು ಕೂರುಮೂಳೆಗಳ ಮೇಲೇ ಬೀಳುತ್ತದೆ, ಒಂದು ಗಂಟೆಯಲ್ಲಿ ಪೃಷ್ಠ ಮರಗಟ್ಟುತ್ತದೆ. ಪೆಟ್ರೋಲ್ ಕಾರಿನ ಚೌಕಟ್ಟಿಗೇ ನೆಲದಡಿ ಬ್ಯಾಟರಿ ಕೂರಿಸಿದ ಎಲೆಕ್ಟ್ರಿಕ್ ಕಾರುಗಳಲ್ಲಿ ಹಿಂದಿನ ನೆಲ ಏರಿರುವುದು ಸಾಮಾನ್ಯ. ಮೂರನೇ ಸಾಲಂತೂ ಹಿಂದಿನ ಆಕ್ಸಲ್‌ನ ಮೇಲೆಯೇ ಬರುವುದರಿಂದ ಅಲ್ಲಿ ಕುಕ್ಕರುಗಾಲೇ ಗತಿ, ಏಳು ಸೀಟು ಎಂದು ಬರೆದಿದ್ದನ್ನು ಐದು ದೊಡ್ಡವರು, ಎರಡು ಮಕ್ಕಳು ಎಂದು ಓದಿಕೊಳ್ಳಿ.

ಕುಶನ್ ಉದ್ದವಿದ್ದಷ್ಟೂ ಒಳ್ಳೆಯದು ಎಂದೂ ಅಲ್ಲ. ಐದಡಿಯವರು ಉದ್ದ ಕುಶನ್ನಿನಲ್ಲಿ ಕೂತರೆ ಅದರ ಅಂಚು ಮಂಡಿಯ ಹಿಂದೆ ಒತ್ತುತ್ತದೆ, ಒತ್ತದಿರಲೆಂದು ಅವರು ಮುಂದೆ ಸರಿಯುತ್ತಾರೆ, ಆಗ ಬೆನ್ನಿಗೆ ಆಸರೆ ಹೋಯಿತು. ಲೆಗ್‌ರೂಮ್ ಅಳೆಯುವ ಬೊಂಬೆಯ ಕಾಲು ನೂರರಲ್ಲಿ ತೊಂಬತ್ತೈದು ಅಮೆರಿಕನ್ ಗಂಡಸರನ್ನು ಮೀರಿಸುವ ಉದ್ದದ್ದು. ನಮ್ಮ ಅಜ್ಜಿಯಂದಿರನ್ನು ಅದು ಪ್ರತಿನಿಧಿಸುವುದಿಲ್ಲ.

ಮೆತ್ತೆಯ ವಿಷಯದಲ್ಲಿ ಶೋರೂಮಿನ ಹತ್ತು ನಿಮಿಷ ಮೋಸ ಮಾಡುತ್ತದೆ. ಸೋಫಾದಂತೆ ಹೂತುಹೋಗುವ ಸೀಟಿನಲ್ಲಿ ಟೊಂಕ ತಗ್ಗಿ ಮಂಡಿ ಮತ್ತೆ ಮೇಲೇಳುತ್ತದೆ. ಸ್ವಲ್ಪ ಗಟ್ಟಿ ಎನ್ನಿಸಿದ ಸೀಟೇ ಹಾಸನ ದಾಟುವ ಹೊತ್ತಿಗೆ ಇಷ್ಟವಾಗುವುದುಂಟು.

ಮೂವರು ಕೂರಬೇಕಾದರೆ ಭುಜದಗಲವನ್ನೂ ನೋಡಬೇಕು. ಎಷ್ಟೋ ಸಣ್ಣ ಕ್ರಾಸ್‌ಓವರ್‌ಗಳು ಹ್ಯಾಚ್‌ಬ್ಯಾಕಿನ ಚೌಕಟ್ಟಿನ ಮೇಲೆಯೇ ಕಟ್ಟಿದವು. ಎತ್ತರ ಕೂಡಿಸಬಹುದು, ಅಗಲ ಎಲ್ಲಿಂದ ತರುವುದು?

ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ, ಒಬ್ಬರೇ ಹೋಗಬೇಡಿ. ಡ್ರೈವರ್ ಸೀಟನ್ನು ನಿಮಗೆ ಬೇಕಾದಂತೆ ಹೊಂದಿಸಿ ಅದರ ಹಿಂದೆ ನೀವೇ ಕೂರಿ. ಪಾದ ಪೂರ್ತಿ ನೆಲಕ್ಕೆ ಊರಿ, ತೊಡೆಗೂ ಕುಶನ್ನಿನ ಮುಂತುದಿಗೂ ನಡುವೆ ಅಂಗೈ ತೂರಿಸಿ ನೋಡಿ. ಬೆರಳು ತಾಗಿಕೊಂಡೇ ಹೋದರೆ ಸರಿ, ಮುಷ್ಟಿಯೇ ಹೋದರೆ ತೊಡೆ ತೇಲುತ್ತಿದೆ. ಮಂಡಿಯ ಹಿಂದೆ ಎರಡು ಮೂರು ಬೆರಳಿನಷ್ಟು ಜಾಗ ಉಳಿಯಲಿ. ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ಗಿಡ್ಡ ಇರುವವರನ್ನು ಅದೇ ಜಾಗದಲ್ಲಿ ಕಾಲು ಗಂಟೆ ಮಾತಾಡಿಸುತ್ತಾ ಕೂರಿಸಿ. ಇಳಿಯುವಾಗ ಸುಮ್ಮನೆ ದೂರ ನಿಂತು ನೋಡಿ. ಬಾಗಿಲಿನ ಕೆಳಗಿನ ಹೊಸ್ತಿಲು ಅಗಲವಾಗಿದ್ದರೆ ಕಾಲು ನೆಲ ಮುಟ್ಟುವ ಮೊದಲು ಸೀರೆಯ ಅಂಚು ಅದನ್ನು ಒರೆಸಿಕೊಂಡು ಬರುತ್ತದೆ, ಮಳೆಗಾಲದಲ್ಲಾದರೆ ಕೆಸರಿನ ಸಮೇತ.