ಮುಟ್ಟದ ತಂತಿಯ ದನಿ

ಕಾರವಾರದಲ್ಲಿ ಮದುವೆಯ ಆರತಕ್ಷತೆಗಳಿಗೆ ಬೇಸ್ ಗಿಟಾರ್ ನುಡಿಸುವ ತರುಣರೊಬ್ಬರು, ತಾವು ಮುಟ್ಟದ ತಂತಿಯೂ ಗುಂಯ್‌ಗುಡುತ್ತದೆ ಎಂದು ಒಂದೇ ಮಳೆಗಾಲದಲ್ಲಿ ಎರಡು ಸಲ ತಂತಿ ಬದಲಿಸಿದರು. ಎಲ್ಲವೂ ಕಡಲಿನ ಉಪ್ಪುಗಾಳಿಯ ಕಾಟವೆಂದು ಅವರಿಗೆ ಹೇಳಿದವರೇ ಹೆಚ್ಚು. ಉಪ್ಪುಗಾಳಿ ತಂತಿಗೆ ತುಕ್ಕು ಹಿಡಿಸಿ ಅದರ ದನಿಯನ್ನು ಮಂಕಾಗಿಸುತ್ತದೆಯೇ ಹೊರತು ಮುಟ್ಟದ ತಂತಿಯನ್ನು ನುಡಿಸುವುದಿಲ್ಲ. ಹೊಸ ತಂತಿ ಹೆಚ್ಚು ಹೊತ್ತು ಮಿಡಿಯುವುದರಿಂದ, ಅವರು ಹಣ ತೆತ್ತು ಗುಂಯ್‌ಕಾರವನ್ನು ಹೆಚ್ಚಿಸಿಕೊಂಡಿದ್ದರು.

ಇದರ ಕಾರಣ ಅನುರಣನೆ. ನಾಲ್ಕು ತಂತಿಗಳ ಬೇಸ್‌ನಲ್ಲಿ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿಯೂ ಅದರ ಪಕ್ಕದ ಎ ತಂತಿ 55 ಬಾರಿಯೂ ಕಂಪಿಸುತ್ತವೆ. ಇ ತಂತಿಯನ್ನು 5ನೇ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಯೇ ಫ್ರೆಟ್) ಒತ್ತಿ ಮೀಟಿದರೆ ಹೊರಡುವುದೂ 55ರ ಸ್ವರವೇ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ಬೆರಳ ತುದಿಯಿಂದ ತಳ್ಳುತ್ತ ಹೋದರೆ ಅದು ಎತ್ತರಕ್ಕೆ ಏರುವಂತೆ, ತಂತಿಗಳ ತುದಿಯನ್ನು ಹೊತ್ತ ಬ್ರಿಡ್ಜ್ ಮತ್ತು ಗಿಟಾರಿನ ಮರದ ಮೂಲಕ ಬರುವ ಸಣ್ಣ ನೂಕುಗಳಿಗೇ ಎ ತಂತಿ ಎದ್ದು ಹಾಡತೊಡಗುತ್ತದೆ.

ಆದ್ದರಿಂದ ಬೇಸ್ ವಾದಕನ ವಿದ್ಯೆಯಲ್ಲಿ ಮೀಟುವಷ್ಟೇ ಪಾಲು ತಡೆಯುವುದಕ್ಕೂ ಇದೆ. ಬಲಗೈ ಹೆಬ್ಬೆರಳನ್ನು ಕೆಳಸ್ವರದ ತಂತಿಗಳ ಮೇಲೆ ಒರಗಿಸಬೇಕು. ಎಡಗೈ ತೋರುಬೆರಳನ್ನು ಮೇಲಿನ ಸ್ವರದ ತಂತಿಗಳಿಗೆ ಹಗುರವಾಗಿ ತಾಗಿಸಬೇಕು. ಇಲ್ಲಿ ಬಹಳ ಮಂದಿ ಎಡವುತ್ತಾರೆ. 5, 7 ಅಥವಾ 12ನೇ ಫ್ರೆಟ್ಟಿನ ನೇರಕ್ಕೆ ಒಂದೇ ಬೆರಳು ತಾಗಿದರೆ ತಂತಿ ಸುಮ್ಮನಾಗುವುದಿಲ್ಲ. ಅವು ತಂತಿಯ ನಾಲ್ಕನೆಯ ಒಂದು, ಮೂರನೆಯ ಒಂದು ಮತ್ತು ಅರ್ಧ ಭಾಗದ ಬಿಂದುಗಳು. ತಂತಿ ಎರಡು, ಮೂರು, ನಾಲ್ಕು ಪಾಲಾಗಿ ಕಂಪಿಸುವಾಗ ಹುಟ್ಟುವ ಮೇಲ್ಸ್ವರಗಳಲ್ಲಿ ಆ ಬಿಂದುವಿನಲ್ಲಿ ಕದಲದಂಥವುಗಳಿಗೆ ಬೆರಳು ಅಡ್ಡಿಯಾಗದೆ, ತಂತಿಯಿಡೀ ಒಂದಾಗಿ ಕಂಪಿಸುವ ಮೂಲಸ್ವರ ಅಡಗಿ, ಗಂಟೆಯಂಥ ದನಿ ಹೊರಡುತ್ತದೆ. ಶಿರಸಿಯ ಬೈಠಕ್ಕುಗಳಲ್ಲಿ ತಬಲಾ ವಾದಕರು ಅನಾಮಿಕೆಯನ್ನು ಚರ್ಮದ ಮೇಲೆ ಊರಿ 'ನಾ' ನುಡಿಸುವುದನ್ನು ಕಂಡವರಿಗೆ ಇದು ಹೊಸತಲ್ಲ. ಅಲ್ಲಿಯೂ ಬೆರಳು ಮೂಲಕಂಪನವನ್ನು ತಡೆದು ಮೇಲಿನದನ್ನು ಉಳಿಸುತ್ತದೆ. ನಮ್ಮ ಚರ್ಮವಾದ್ಯಗಳ ಮೇಲ್ಸ್ವರಗಳೂ ತಂತಿಯ ಮೇಲ್ಸ್ವರಗಳಂತೆ ಸುಸಂಗತವಾಗಿರುವುದನ್ನು ಸಿ.ವಿ. ರಾಮನ್ 1920ರಲ್ಲಿಯೇ ತೋರಿಸಿದ್ದರು. ಬೇಸ್‌ನಲ್ಲಿ ಪೂರ್ಣ ಮೌನ ಬೇಕಿದ್ದರೆ ಎರಡು ಬೆರಳುಗಳು ಬೇರೆ ಬೇರೆ ಜಾಗದಲ್ಲಿ ತಾಗಬೇಕು. ಒಂದು ಬಿಟ್ಟುಕೊಟ್ಟ ಕಂಪನವನ್ನು ಇನ್ನೊಂದು ಹಿಡಿಯುತ್ತದೆ.

ನನಗೆ ಎಲ್ಲಕ್ಕಿಂತ ಸೊಗಸೆನಿಸುವುದು ಬ್ರಿಡ್ಜ್ ಬಳಿ ತಂತಿಗಳಡಿ ಸಿಕ್ಕಿಸುವ ಸ್ಪಂಜಿನ ತುಂಡು. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್‌ನ ಬ್ರಿಡ್ಜ್ ಮುಚ್ಚಳದೊಳಗೆ ಇಂಥ ಮೆತ್ತೆಯೊಂದು ಇತ್ತು. ಅಮೆರಿಕದ ಮೋಟೌನ್ ಸಂಸ್ಥೆಯ ಧ್ವನಿಮುದ್ರಣಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಅದನ್ನು ತೆಗೆಯದೆ ಉಳಿಸಿಕೊಂಡಿದ್ದರು. ಬೈತಖೋಲ ಬಂದರಿನಲ್ಲಿ ಗೂಟಕ್ಕೆ ಕಟ್ಟಿದ ಹಗ್ಗವನ್ನು ನೆನೆಯಿರಿ. ಹಗ್ಗವಿಡೀ ಒಂದಾಗಿ ತೂಗುವಾಗ ಗಂಟಿನ ಪಕ್ಕದ ಗೇಣುದ್ದ ಹೆಚ್ಚು ಕದಲುವುದಿಲ್ಲ, ಆದರೆ ಹಗ್ಗವನ್ನು ಜಾಡಿಸಿದಾಗ ಏಳುವ ಸಣ್ಣ ಅಲೆಗಳು ಅಲ್ಲಿಯೂ ಕುಣಿಯುತ್ತವೆ. ಬೇಸ್ ತಂತಿಯ ಮಿಡಿಯುವ ಉದ್ದ ಸುಮಾರು 86 ಸೆಂಟಿಮೀಟರ್. ಬ್ರಿಡ್ಜಿನಿಂದ 4 ಸೆಂಟಿಮೀಟರ್ ದೂರದಲ್ಲಿ ಮೂಲಕಂಪನದ ಓಲಾಟ ಅದರ ಗರಿಷ್ಠದ ಏಳನೆಯ ಒಂದು ಭಾಗದಷ್ಟೇ ಆಗಿದ್ದರೆ, ತಂತಿ ಐದು ಪಾಲಾಗಿ ಮಿಡಿಯುವ ಐದನೆಯ ಕಂಪನದ್ದು ಮೂರನೆಯ ಎರಡು ಭಾಗದಷ್ಟು. ಹೀಗಾಗಿ ಅಲ್ಲಿರುವ ಸ್ಪಂಜು ಮೇಲ್ಸ್ವರಗಳನ್ನು ಮೊದಲು ಹೀರಿ, ಮೂಲಸ್ವರವನ್ನು ಕೊಂಚ ಹೊತ್ತು ಬಾಳಗೊಡುತ್ತದೆ. ಕಿವಿಗೆ ಬೀಳುವುದು ದುಂಡಗಿನ, ಗಿಡ್ಡ ದನಿ. ತಂಬೂರಿಯಲ್ಲಿ ಬ್ರಿಡ್ಜಿನ ಮೇಲೆ ಕೂಡಿಸುವ ನೂಲಿನ ಎಳೆಯದು ಇದಕ್ಕೆ ತದ್ವಿರುದ್ಧವಾದ ಕೆಲಸ: ಅದು ಮೇಲ್ಸ್ವರಗಳನ್ನು ಎಬ್ಬಿಸುತ್ತದೆ.

ಪಾತ್ರೆ ತೊಳೆಯುವ ಹೊಸ ಸ್ಪಂಜಿನಿಂದ ಕತ್ತರಿಸಿದ ಪಟ್ಟಿಯೇ ಇದಕ್ಕೆ ಸಾಕು. ಅದು ತಂತಿಯನ್ನು ಮೇಲಕ್ಕೆ ದೂಡುವಷ್ಟು ದಪ್ಪವಿದ್ದರೆ ಶ್ರುತಿ ಕೆಡುತ್ತದೆ, ತಾಗಿಯೂ ತಾಗದಷ್ಟು ತೆಳುವಾಗಿದ್ದರೆ ತಂತಿ ಜರ್ರೆನ್ನುತ್ತದೆ. ಮಳೆಗಾಲದಲ್ಲಿ ಸ್ಪಂಜು ತೇವ ಹಿಡಿದು ತಂತಿಗೆ ನಿಜವಾಗಿಯೂ ತುಕ್ಕು ತರುವುದರಿಂದ, ಕರಾವಳಿಯ ವಾದಕರು ನುಡಿಸಿ ಮುಗಿದೊಡನೆ ಅದನ್ನು ತೆಗೆದು ಒಣಗಲು ಇಡಬೇಕು.