ಕುಡಿಯುವ ವಯಸ್ಸು: ತಲಪಾಡಿಯ ಆಚೆ 21, ಈಚೆ 23

‘ಮದ್ಯಪಾನದ ವಯೋಮಿತಿ ಇಳಿಸಬೇಕೇ?’ ಚರ್ಚಾಸ್ಪರ್ಧೆಯಲ್ಲಿ ಈ ವಿಷಯ ಬಂದರೆ ಮೊದಲು ಕೇಳಬೇಕಾದ್ದು, ಯಾವ ರಾಜ್ಯದ ವಯೋಮಿತಿ ಎಂದು. ಮದ್ಯ ರಾಜ್ಯಪಟ್ಟಿಯ ವಿಷಯ, ಅಂದರೆ ಅದರ ಕಾನೂನು ಆಯಾ ರಾಜ್ಯದ್ದು. ಗೋವಾದಲ್ಲಿ 18, ಕರ್ನಾಟಕದಲ್ಲಿ 21, ನಮ್ಮ ಕೇರಳದಲ್ಲಿ 23.

ಮಂಜೇಶ್ವರದಿಂದ ಮಂಗಳೂರಿಗೆ ಕಾಲೇಜಿಗೆ ಹೋಗುವ 22ರ ಹುಡುಗನನ್ನೇ ತೆಗೆದುಕೊಳ್ಳಿ. ತಲಪಾಡಿಯ ಗಡಿ ದಾಟಿ ಕರ್ನಾಟಕದ ಬಾರಿನಲ್ಲಿ ಕೂತರೆ ಅವನಿಗೆ ಬಿಯರ್ ಕೊಡಬಹುದು. ಊರಿಗೆ ಬಂದು ಕುಡಿದರೆ ತಪ್ಪು. ಕೇರಳದ ಅಬ್ಕಾರಿ ಕಾಯ್ದೆಯ ಕಲಂ 15ಬಿ ಮಾರಾಟವನ್ನು ತಡೆದರೆ, 15ಎ ಕುಡಿಯುವುದನ್ನೇ ತಡೆಯುತ್ತದೆ. ಕಳ್ಳು ಕೂಡ ಇಲ್ಲಿ ಮದ್ಯವೇ; ಮರದಿಂದ ಈಗಷ್ಟೇ ಇಳಿಸಿದ್ದು ಎಂದರೂ ರಿಯಾಯಿತಿ ಇಲ್ಲ.

ಕರ್ನಾಟಕದ ಕಥೆ ಇನ್ನೂ ಗೋಜಲು. 1965ರ ಅಬಕಾರಿ ಕಾಯ್ದೆಯಲ್ಲಿ 18 ಎಂದಿದೆ, 1967ರ ನಿಯಮಗಳಲ್ಲಿ 21. ನಿಯಮವನ್ನೂ 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಹೊರಬಂತು. ವಿರೋಧ ಎದ್ದದ್ದೇ ಸರಕಾರ ಅದನ್ನು ಹಿಂದಕ್ಕೆ ಪಡೆಯಿತು.

‘ವೋಟು ಹಾಕುವವನಿಗೆ ಗ್ಲಾಸು ಹಿಡಿಯಲು ಯಾಕೆ ಬಿಡುವುದಿಲ್ಲ?’ ಚಪ್ಪಾಳೆ ಗ್ಯಾರಂಟಿ, ಆದರೆ ವಾದ ಸಡಿಲ. ಮತದಾನಕ್ಕೆ 18 ಆದರೂ ಗಂಡಿನ ಮದುವೆಗೆ 21, ಶಾಸಕನಾಗಲು 25. ಎಲ್ಲದಕ್ಕೂ ಒಂದೇ ವಯಸ್ಸು ನಮ್ಮ ಕಾನೂನಿನಲ್ಲಿ ಎಂದೂ ಇರಲಿಲ್ಲ. ಅಮೆರಿಕದ ಅನುಭವವೂ 18ರ ಪರವಾಗಿಲ್ಲ. 1971ರಲ್ಲಿ ಅಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿದಾಗ ಹಲವು ರಾಜ್ಯಗಳು ಕುಡಿತದ ವಯಸ್ಸನ್ನೂ ಇಳಿಸಿದವು. ಹುಡುಗರ ರಸ್ತೆ ಅಪಘಾತಗಳು ಹೆಚ್ಚಿದವು. 1984ರಲ್ಲಿ ಅಲ್ಲಿನ ಕೇಂದ್ರ ಸರಕಾರ ಹೆದ್ದಾರಿ ಅನುದಾನಕ್ಕೆ ಕತ್ತರಿ ಹಾಕುವ ಬೆದರಿಕೆಯೊಡ್ಡಿ ಎಲ್ಲರನ್ನೂ 21ಕ್ಕೆ ತಂದಿತು.

ಹಾಗಾಗಿ 18 ಬೇಡ ಎಂಬುದೇ ನನ್ನ ನಿಲುವು. ಆದರೆ 23ನ್ನು ಸಮರ್ಥಿಸುವುದೂ ಕಷ್ಟ. 2017ರ ಕೊನೆಯಲ್ಲಿ ಕೇರಳದ ವಯೋಮಿತಿಯನ್ನು 21ರಿಂದ 23ಕ್ಕೆ ಏರಿಸುವ ತೀರ್ಮಾನವಾಯಿತು. 2020ರಲ್ಲಿ ಆರ್ಯಾ ರಾಜೇಂದ್ರನ್ 21ರ ಹರೆಯದಲ್ಲಿ ತಿರುವನಂತಪುರದ ಮೇಯರ್ ಆದರು. ರಾಜಧಾನಿಯನ್ನು ನಡೆಸಬಹುದಾದ ವಯಸ್ಸು ಸರಕಾರಿ ಮದ್ಯದಂಗಡಿಯಾದ ಬೆವ್ಕೋದ ಕೌಂಟರಿಗೆ ಸಾಲದು! ಅಲ್ಲಿ ಕ್ಯೂ ನಿಂತವರ ಮುಖ ನೋಡಿ 22 ಯಾವುದು, 23 ಯಾವುದು ಎಂದು ಹೇಳುವವರಾದರೂ ಯಾರು? ಗಡಿ ಜಿಲ್ಲೆಯಲ್ಲಂತೂ ಆ ಎರಡು ವರ್ಷದ ಅಂತರ ಒಂದು ಬಸ್ ಟಿಕೇಟಿನಷ್ಟೇ. 21 ಮಾಡಿದರೆ ಗಡಿಯ ಎರಡೂ ಬದಿ ಒಂದೇ ಲೆಕ್ಕವಾಗುತ್ತದೆ.

ಎದುರಾಳಿ ಸಂವಿಧಾನದ 47ನೇ ವಿಧಿ ಎತ್ತಿಯೇ ಎತ್ತುತ್ತಾರೆ. ಅದು ಪಾನನಿಷೇಧಕ್ಕೆ ಯತ್ನಿಸಿ ಎನ್ನುತ್ತದೆ, ವಯಸ್ಸಿನ ಮಾತೇ ಅಲ್ಲಿಲ್ಲ. ಅದರಂತೆ ನಡೆದರೆ ಅರುವತ್ತರವನಿಗೂ ಕೊಡುವಂತಿಲ್ಲ. 21ಕ್ಕೂ 23ಕ್ಕೂ ನಡುವೆ ಯಾವುದು ಸರಿ ಎಂದು ಅದರಿಂದ ತೀರ್ಮಾನಿಸಲಾಗದು.