ಕಪ್ಪೆಲೆಯ ಡೇಲಿಯಾ ಹಸಿರಾದದ್ದೇಕೆ?

ಪ್ರಶ್ನೆ: ದೀಪಾವಳಿಯ ಹೊತ್ತಿಗೆ ನರ್ಸರಿಯಿಂದ ‘ಬಿಷಪ್ ಆಫ್ ಲ್ಯಾಂಡಾಫ್’ ಡೇಲಿಯಾ ತಂದೆ. ಆಗ ಎಲೆ ಬದನೆಕಾಯಿ ಸಿಪ್ಪೆಯಂತೆ ಕಪ್ಪಾಗಿತ್ತು. ಈಗ ಬರುವ ಎಲೆಯೆಲ್ಲ ಹಸಿರು. ನರ್ಸರಿಯವರು ಮೋಸ ಮಾಡಿದರೇ?
– ಓದುಗರೊಬ್ಬರು, ಕೋಥ್ರೂಡ್, ಪುಣೆ

ಜಗಳಕ್ಕೆ ಹೊರಡುವ ಮೊದಲು ನಿಮ್ಮ ಬಾಲ್ಕನಿ ಯಾವ ದಿಕ್ಕಿಗಿದೆ ನೋಡಿಕೊಳ್ಳಿ. ಬದನೆಕಾಯಿಯ ಹೋಲಿಕೆ ನೀವೇ ಕೊಟ್ಟಿದ್ದೀರಿ, ಅದು ಸರಿಯಾಗಿಯೇ ಇದೆ: ಎರಡರಲ್ಲಿಯೂ ಇರುವುದು ಆಂಥೋಸಯಾನಿನ್ ಗುಂಪಿನ ಬಣ್ಣ. ಎಲೆಯ ಹಸಿರು ಎಲ್ಲಿಗೂ ಹೋಗಿರುವುದಿಲ್ಲ, ಕಪ್ಪಿನ ಅಡಿಯಲ್ಲೇ ಇರುತ್ತದೆ. ಚುರುಕು ಬಿಸಿಲು ಬಿದ್ದಾಗ ಗಿಡ ಈ ಕಪ್ಪನ್ನು ದಂಡಿಯಾಗಿ ತಯಾರಿಸುತ್ತದೆ, ನೆರಳಿನಲ್ಲಿ ಕೈಬಿಡುತ್ತದೆ. ನನ್ನ ಕುಂಡವನ್ನು ಗೋಡೆಗೆ ಒತ್ತಿ ಇಟ್ಟಿದ್ದ ವರ್ಷ ಕಟಕಟೆಯ ಕಡೆಯ ಎಲೆಗಳು ಕಪ್ಪು, ಗೋಡೆಯ ಕಡೆಯವು ಹಸಿರು; ಒಂದೇ ಗಿಡದಲ್ಲಿ ಎರಡು ಸಂಸಾರ.

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಹಾಗಾಗಿ ಡಿಸೆಂಬರ್‌ನಲ್ಲಿ ಉತ್ತರದ ಬಾಲ್ಕನಿಗೆ ನೇರ ಬಿಸಿಲೇ ಇಲ್ಲ. ದಕ್ಷಿಣದ ಬಾಲ್ಕನಿ ಅಥವಾ ಟೆರೇಸ್ ಸಿಕ್ಕರೆ ಬಿಡಬೇಡಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಹಳೆಯ ಹಸಿರು ಎಲೆ ಪೂರ್ತಿ ಕಪ್ಪಾಗಲಿಕ್ಕಿಲ್ಲ, ಹೊಸ ಚಿಗುರನ್ನು ನೋಡಿ ಲೆಕ್ಕ ಹಾಕಿ.

ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. ಸಾರಜನಕ ಹೆಚ್ಚಾದರೆ ಎಲೆ ಹಸಿರಾಗಿ ಸೊಕ್ಕುತ್ತದೆ, ಹೂವು ಕಡಿಮೆಯಾಗುತ್ತದೆ. ನೆಡುವಾಗ ಹಾಕಿದ ಕೊಟ್ಟಿಗೆ ಗೊಬ್ಬರ (ಇಲ್ಲಿನ ನರ್ಸರಿಯವರು ‘ಶೇಣಖತ’ ಎನ್ನುತ್ತಾರೆ) ಬಹುಮಟ್ಟಿಗೆ ಸಾಕು.

ಇನ್ನು ನರ್ಸರಿಯ ಮೇಲಿನ ಅನುಮಾನ. ಅದಕ್ಕೂ ಸ್ವಲ್ಪ ಜಾಗವಿದೆ. ಈ ತಳಿಯನ್ನು 1924ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಫ್ರೆಡ್ ಟ್ರೆಸೆಡರ್ ಬೆಳೆಸಿದರು. ಗೆಡ್ಡೆ ಅಥವಾ ಕಡ್ಡಿಯಿಂದ ಮಾಡಿದ ಸಸಿಯಷ್ಟೇ ಅದರ ತದ್ರೂಪು. ಬೀಜದಿಂದ ಬಂದದ್ದಾದರೆ ಎಲೆ ಹಸಿರೂ ಆಗಬಹುದು. ಹೂವು ಅರಳಿದಾಗ ನೋಡಿ: ಕಡುಗೆಂಪು, ಎರಡು ಮೂರು ಸುತ್ತು ಎಸಳು, ನಡುವೆ ಹಳದಿ ಕಾಣಬೇಕು. ಚೆಂಡಿನಂತೆ ತುಂಬಿಕೊಂಡಿದ್ದರೆ ನಿಮ್ಮದು ಬೇರೆ ಯಾವುದೋ ಡೇಲಿಯಾ.

ಮೂಲದಲ್ಲಿ ಡೇಲಿಯಾ ಮೆಕ್ಸಿಕೋದ ಎತ್ತರದ ನೆಲದ್ದು. ಹಗಲು ಬಿಸಿಲು, ರಾತ್ರಿ ತಂಪು ಅದಕ್ಕೆ ಹಿತ. ಪುಣೆಯ ಚಳಿಗಾಲ ಅದೇ. ಮುಂಬೈಯ ಬೆವರಿನಲ್ಲಿ ನನ್ನ ತಂಗಿ ಬೆಳೆಸಿದ ಗಿಡಕ್ಕೆ ಈ ಭಾಗ್ಯವಿರಲಿಲ್ಲ. ಏಪ್ರಿಲ್‌ನ ಕಾವಿಗೆ ಇಲ್ಲಿಯೂ ಸೊರಗುತ್ತದೆ. ಆಗ ನೀರು ಇಳಿಸಿ, ಕಾಂಡ ಒಣಗಿದ ಮೇಲೆ ಗೆಡ್ಡೆ ಕಿತ್ತು ಒಣ ಮರಳಿನಲ್ಲಿಡಿ. ಕುಂಡದಲ್ಲೇ ಬಿಟ್ಟರೆ ಜೂನ್‌ನ ಮಳೆಗೆ ಕೊಳೆಯುತ್ತದೆ. ಪಾಲು ಮಾಡುವಾಗ ಪ್ರತಿ ತುಂಡಿಗೂ ಕಾಂಡದ ಬುಡದ ಚೂರು ಅಂಟಿಕೊಂಡಿರಲಿ. ಕಣ್ಣು ಇರುವುದು ಅಲ್ಲಿಯೇ; ಆಲೂಗಡ್ಡೆಯಂತೆ ಮೈತುಂಬ ಇರುವುದಿಲ್ಲ.